ಕಿಕ್ಕರ್ ಒದೆಯುವ ಮುನ್ನ

ಬೆಂಗಳೂರಿನ ಕಲಾಸಿಪಾಳ್ಯದ ಮಗ್ಗುಲಿಗೆ, ಲಾರಿ ಬಿಡಿಭಾಗದ ಅಂಗಡಿಗಳ ಹಿಂದಿನ ಓಣಿಯಲ್ಲಿ, ಮ್ಯಾಗ್ನೆಟೊ ಸುತ್ತುವ ಮೇಸ್ತ್ರಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಮಳಿಗೆಗೆ ಬೋರ್ಡಿಲ್ಲ. ‘ಹೆಸರು ಗಿಸರು ಹಾಕ್ಬೇಡಿ ಸ್ವಾಮಿ, ಜನ ಬಂದ್ರೆ ಕೆಲಸಕ್ಕೆ ಕೂರಕ್ಕಾಗಲ್ಲ’ ಎಂದು ಮೊದಲೇ ಹೇಳಿಬಿಟ್ಟರು. ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ ಇಟ್ಟುಕೊಂಡವರಿಗೆ ಬೋರ್ಡು ಬೇಕಾಗಿಯೂ ಇಲ್ಲ. ಚಿಕ್ಕಮಗಳೂರಿನ ತೋಟದ ಶೆಡ್ಡಿನಿಂದಲೋ ಕೊಡಗಿನ ಹಳೆಯ ಮನೆಯಿಂದಲೋ ಅಜ್ಜನ ಗಾಡಿ ಹೊರತೆಗೆದವರು ಒಬ್ಬರಿಂದೊಬ್ಬರು ಕೇಳಿಕೊಂಡು ಇಲ್ಲಿಗೆ ಬಂದು ಮುಟ್ಟುತ್ತಾರೆ.

ನಾನು ಹೋದಾಗ ಬಾಗಿಲಲ್ಲಿ ನಿಂತಿದ್ದುದು ಬಿಎಸ್‌ಎ ಎಂ20. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅದನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದಿದ್ದ. ಎಲ್ಲ ಸರಿಮಾಡಿ ಕೊಡಿ, ತಿಂಗಳು ಬಿಟ್ಟು ಬರುತ್ತೇನೆ ಎಂದ. ಮೇಸ್ತ್ರಿ ಒಪ್ಪಲಿಲ್ಲ. ‘ಮ್ಯಾಗ್ನೆಟೊ ನಾನು ಮಾಡ್ಕೊಡ್ತೀನಿ. ಮಿಕ್ಕಿದ್ದು ನಿನ್ ಕೈಲೇ ಆಗ್ಬೇಕು ಕಣಪ್ಪ. ಈ ಗಾಡಿ ಮಾಡಿರೋದೇ ಓನರ್ ಬಿಚ್ಲಿ ಅಂತ.’

ಆ ಮಾತು ಅಕ್ಷರಶಃ ನಿಜ. ಅಂದಿನ ಬ್ರಿಟಿಷ್ ಕಂಪನಿಗಳು ಗಾಡಿಯ ಜೊತೆ ಕೊಡುತ್ತಿದ್ದ ಪುಸ್ತಕದಲ್ಲಿ ಹೆಡ್ ಬಿಚ್ಚಿ ಮಸಿ ಕೆರೆಯುವುದು, ಟ್ಯಾಪೆಟ್ ಹೊಂದಿಸುವುದು, ಚೈನು ಬಿಗಿಮಾಡುವುದು ಎಲ್ಲವೂ ಸವಾರನ ಕೆಲಸವೆಂದೇ ಬರೆದಿರುತ್ತಿತ್ತು. ಎಂ20ಯಂಥ ಸೈಡ್ ವಾಲ್ವ್ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ಕೂತಿರುವುದರಿಂದ ಬೋಲ್ಟು ಬಿಚ್ಚಿದರೆ ಹೆಡ್ ಸುಮ್ಮನೆ ಕೈಗೆ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಸಹನೆಯ ಎಂಜಿನ್ ಸಿಗುವುದು ಕಷ್ಟ.

ಗಾಡಿಯ ಚರಿತ್ರೆಯನ್ನು ಮೇಸ್ತ್ರಿ ತಮ್ಮ ತಂದೆಯಿಂದ ಕೇಳಿದ್ದಾರೆ. ತಂದೆ ದಂಡಿನ ವರ್ಕ್‌ಶಾಪಿನಲ್ಲಿ ಕೈಯಾಳಾಗಿದ್ದವರು. ಬಿಎಸ್‌ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ಮಾಡುವವರು ಸೇರಿ ಕಟ್ಟಿದ ಕಂಪನಿ. 1930ರ ದಶಕದ ಕೊನೆಯಲ್ಲಿ ವಾಲ್ ಪೇಜ್ ವಿನ್ಯಾಸ ಮಾಡಿದ ಈ 496 ಸಿಸಿ ಗಾಡಿಯನ್ನು ಎರಡನೇ ಮಹಾಯುದ್ಧಕ್ಕೆಂದು ಲಕ್ಷಕ್ಕೂ ಮೀರಿ ತಯಾರಿಸಿದರು. 1940ರ ನವೆಂಬರಿನಲ್ಲಿ ಬಿಎಸ್‌ಎಯ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಜರ್ಮನಿಯ ಬಾಂಬು ಬಿದ್ದು 53 ಕೆಲಸಗಾರರು ಸತ್ತರು. ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್ಲಿನಲ್ಲಿ ಹರಾಜಾದ ಗಾಡಿಗಳು ಜನರ ಕೈ ಸೇರಿದವು. ಬಿಎಸ್‌ಎ 1970ರ ದಶಕದ ಆರಂಭದಲ್ಲಿ ಕುಸಿಯಿತು. 2016ರಲ್ಲಿ ಆ ಹೆಸರು ಮಹೀಂದ್ರ ಬಳಗದ ಪಾಲಾಯಿತು. 2020ರಲ್ಲಿ ಇನ್ನೊಂದು ಬ್ರಿಟಿಷ್ ಮೋಟಾರ್‌ಸೈಕಲ್ ಕಂಪನಿ ನಾರ್ಟನ್ನನ್ನು ಕೊಂಡದ್ದು ನಮ್ಮ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆಯಿರುವ ಟಿವಿಎಸ್.

ಮೇಸ್ತ್ರಿಯ ಮೊದಲ ಪಾಠ: ಗಾಡಿ ಸಿಕ್ಕ ಕೂಡಲೇ ಕಿಕ್ಕರ್ ಒದೆಯಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಎಣ್ಣೆ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಈ ಗಾಡಿಗಳಲ್ಲಿ ಎಂಜಿನ್ ಆಯಿಲಿಗೆ ಬೇರೆಯೇ ಟ್ಯಾಂಕಿದೆ. ಪಂಪು ಅಲ್ಲಿಂದ ಎಳೆದು ಎಂಜಿನ್ನಿಗೆ ಕೊಟ್ಟು, ಮತ್ತೆ ಟ್ಯಾಂಕಿಗೇ ಸೇರಿಸುತ್ತದೆ. ಗಾಡಿ ನಿಂತಲ್ಲೇ ನಿಂತರೆ ಆಯಿಲು ಪಂಪಿನ ಸಂದಿನಿಂದ ಜಿನುಗಿ ಕ್ರ್ಯಾಂಕ್ ಕೇಸಿನ ತಳ ಸೇರುತ್ತದೆ. ಅದನ್ನು ಕಾಣದೆ ಟ್ಯಾಂಕು ಖಾಲಿಯೆಂದು ಮತ್ತಷ್ಟು ಸುರಿದರೆ, ಸ್ಟಾರ್ಟ್ ಆದಾಗ ಸೈಲೆನ್ಸರಿನಿಂದ ಹೊಗೆ, ಸಂದುಗಳಿಂದ ಆಯಿಲು. ಆದ್ದರಿಂದ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಇಳಿಸಿ, ಹೊಸ ಆಯಿಲು ತುಂಬಬೇಕು. ಸ್ಟಾರ್ಟ್ ಆದೊಡನೆ ಟ್ಯಾಂಕಿನ ಮುಚ್ಚಳ ತೆಗೆದು, ಹಿಂತಿರುಗುವ ನಳಿಗೆಯಲ್ಲಿ ಆಯಿಲು ಬೀಳುತ್ತಿದೆಯೇ ಎಂದು ನೋಡಬೇಕು. ಬೀಳದಿದ್ದರೆ ತಕ್ಷಣ ಆರಿಸಬೇಕು.

ಎರಡನೆಯದು ಪಾನಾ. ನಮ್ಮ ಮನೆಗಳಲ್ಲಿರುವ ಮಿಲಿಮೀಟರ್ ಸೆಟ್ಟು ಇಲ್ಲಿ ನಡೆಯದು. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ಬ್ರಿಟನ್ನಿನ ನಟ್ಟು-ಬೋಲ್ಟುಗಳಿಗೆ ಒಂದೇ ಅಳತೆ ಸೂಚಿಸಿದ. ಆ ಪಾನಾದ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲವಲ್ಲ. ಕಾಲಿಂಚು ಎಂದು ಬರೆದ ಪಾನಾ ಹಿಡಿಯುವ ನಟ್ಟಿನ ಅಗಲ 0.525 ಇಂಚು, ಅಂದರೆ 13.3 ಮಿಲಿಮೀಟರ್. 13ರ ಪಾನಾ ಅದರ ಮೇಲೆ ಕೂರುವುದಿಲ್ಲ, 14ರದು ಜಾರಿ ಮೂಲೆ ತಿನ್ನುತ್ತದೆ. ಹೀಗೆ ಮೂಲೆ ಹೋದ ನಟ್ಟುಗಳನ್ನು ಮೇಸ್ತ್ರಿ ಒಂದು ಡಬ್ಬದಲ್ಲಿ ಕೂಡಿಟ್ಟಿದ್ದಾರೆ, ಬಂದವರಿಗೆ ತೋರಿಸಲು. ಸಾಲದ್ದಕ್ಕೆ ಸೈಕಲ್ ತ್ರೆಡ್ಡು ಬೇರೆ, ಇಂಚಿಗೆ 26 ಸುತ್ತು. ಕೈಗೆ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಂ ಕೇಸು ಕೆಟ್ಟಿತು. ಹಾಗಾಗಿ ಅವರ ಅಭಿಪ್ರಾಯದಲ್ಲಿ ಹೊಸಬನ ಮೊದಲ ಖರ್ಚು ವಿಟ್‌ವರ್ತ್ ಪಾನಾ ಸೆಟ್ಟಿಗೇ ಆಗಬೇಕು. ಬಣ್ಣ, ಕ್ರೋಮು ಆಮೇಲಿನ ಮಾತು.

ನಾನು ನೋಡಬೇಕೆಂದು ಹೋದದ್ದು ಮಾತ್ರ ಮ್ಯಾಗ್ನೆಟೊ. ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುವ ಈ ಯಂತ್ರವನ್ನು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ದೀಪದ ಡೈನಮೊ ಜೊತೆ ಜೋಡಿಸಿ ಮ್ಯಾಗ್‌ಡೈನೊ ಎಂದು ಮಾರುತ್ತಿತ್ತು. ಬ್ಯಾಟರಿ ಸತ್ತರೆ ದೀಪ ಹೋದೀತು, ಗಾಡಿ ನಿಲ್ಲದು. ಒಳಗೆ ಅಯಸ್ಕಾಂತದ ನಡುವೆ ತಿರುಗುವ ಆರ್ಮೇಚರ್. ಅದರ ಮೇಲೆ ದಪ್ಪ ತಂತಿಯ ಕೆಲವು ಸುತ್ತು. ಅದರ ಮೇಲೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಪಾಯಿಂಟು ತಟ್ಟನೆ ಕಡಿದಾಗ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ.

ಇದನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಪ್ಲಗ್ಗಿನ ವೈರು ಬಂದು ಸೇರುವ ಪಿಕಪ್, ಅರ್ಥ್ ಬ್ರಷ್, ಪಕ್ಕದ ಪುಟ್ಟ ಸೇಫ್ಟಿ ಸ್ಕ್ರೂ – ಮೂರನ್ನೂ ತೆಗೆಯದೆ ಆರ್ಮೇಚರ್ ಎಳೆದರೆ ಸ್ಲಿಪ್ ರಿಂಗ್ ಒಡೆಯುತ್ತದೆ. ಹುಡುಗನಿಂದ ಮೂರನ್ನೂ ಒಂದೊಂದಾಗಿ ತೆಗೆಸಿದರು. ಆರ್ಮೇಚರ್ ಹೊರಬರುತ್ತಿದ್ದಂತೆ ಅಯಸ್ಕಾಂತದ ಶಕ್ತಿ ಕುಂದದಿರಲೆಂದು ಅದರ ಎರಡು ತುದಿಗಳಿಗೂ ತಗಲುವಂತೆ ಕಬ್ಬಿಣದ ಪಟ್ಟಿ ಇಟ್ಟರು. ಆಮೇಲೆ ಆರ್ಮೇಚರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ‘ಅರಗು ಕರಗಿದೆ’ ಎಂದರು.

ಆ ಕಾಲದಲ್ಲಿ ಸುರುಳಿಗೆ ಹೊದಿಸುತ್ತಿದ್ದುದು ಅರಗಿನ ವಾರ್ನಿಷು. ಜಗತ್ತಿಗೆ ಅರಗು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ. ದಶಕಗಳು ಕಳೆದು ಎಂಜಿನ್ನಿನ ಬಿಸಿ ತಾಗಿದಾಗ ಅದು ಬೇಸಿಗೆಯ ಬೆಲ್ಲದಂತೆ ಮೆತ್ತಗಾಗಿ ಅಂಟುತ್ತದೆ. ತಣ್ಣಗಿದ್ದಾಗ ಒಂದೇ ಒದೆತಕ್ಕೆ ಏಳುವ ಗಾಡಿ, ಹತ್ತು ಮೈಲಿ ಓಡಿ ನಿಂತ ಮೇಲೆ ಮತ್ತೆ ಏಳದಿದ್ದರೆ ಶಂಕೆ ಬರಬೇಕಾದ್ದು ಈ ಸುರುಳಿಯ ಮೇಲೆ, ಇಲ್ಲವೇ ಅದರೊಳಗೆ ಹುದುಗಿದ ಕಂಡೆನ್ಸರಿನ ಮೇಲೆ. ಪಾಯಿಂಟಿನಲ್ಲಿ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆಯೆಂದೇ ಲೆಕ್ಕ. ಗೊತ್ತಿಲ್ಲದವರು ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ಸೋಲುತ್ತಾರೆ.

ಹಳೆಯ ತಂತಿ ಕತ್ತರಿಸಿ ತೆಗೆದು, ಹೊಸದನ್ನು ಮೇಸ್ತ್ರಿ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಸುತ್ತುತ್ತಾರೆ. ಎಡಗೈಯ ಎರಡು ಬೆರಳ ನಡುವೆ ತಂತಿ ಹಾಯುತ್ತದೆ. ಬಿಗಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಸುತ್ತು ಸಡಿಲ. ಪದರಕ್ಕೊಂದು ಕಾಗದ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ತಂತಿ ಸರಿಯಾಗಿ ಕಾಣುವುದಿಲ್ಲವಂತೆ. ಬೆರಳಿಗೆ ಗೊತ್ತಾಗುತ್ತದೆ, ಸಾಕು ಎನ್ನುತ್ತಾರೆ. ಕೆಲಸ ನಡೆಯುವಾಗ ಮಾತಿಲ್ಲ. ನಾವೂ ಉಸಿರು ಬಿಗಿಹಿಡಿದು ಕೂತೆವು.

ಸ್ಟಾರ್ಟ್ ಮಾಡುವ ವಿಧಾನವನ್ನು ಅವರು ಹೇಳುವುದು ಚಿಕ್ಕದಾಗಿ. ಪೆಟ್ರೋಲ್ ನಲ್ಲಿ ತಿರುಗಿಸು. ಅಮಾಲ್ ಕಾರ್ಬ್ಯುರೇಟರಿನ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತು. ಹ್ಯಾಂಡಲ್ ಮೇಲಿನ ಸನ್ನೆಯಿಂದ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸು. ಮರೆತರೆ ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತದೆ. ಕಂಪ್ರೆಷನ್ ಸಿಗುವವರೆಗೆ ಮೆಲ್ಲಗೆ ಒತ್ತಿ, ವಾಲ್ವ್ ಲಿಫ್ಟರ್ ಹಿಡಿದು ಅದನ್ನು ದಾಟಿಸಿ, ಮೇಲಿಂದ ಒಂದೇ ಪೂರ್ತಿ ಒದೆತ. ಓಡಿಸುವಾಗ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಎಂಬುದು ನೆನಪಿರಲಿ.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಅದು ನೀರಿನಂಶ ಹೀರುತ್ತದೆ, ಹಳೆಯ ರಬ್ಬರ್ ಪೈಪು, ಟ್ಯಾಂಕಿನ ಒಳಲೇಪ ಕೆಡಿಸುತ್ತದೆ. ಪೈಪನ್ನು ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ, ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು ಬರಿದು ಮಾಡಿಡುವುದು ಒಳ್ಳೆಯದು.

ಕಾನೂನು ಈ ಗಾಡಿಗಳನ್ನು ಗುರುತಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಗಾಡಿಗೆ ಇಷ್ಟು ಗೌರವ ಸಿಕ್ಕಿತು, ಸಂತೋಷ. ಅದನ್ನು ಉಳಿಸಿಕೊಟ್ಟ ಕಸುಬಿಗೆ ಯಾವ ನೋಂದಣಿಯೂ ಇಲ್ಲ. ಮೇಸ್ತ್ರಿಯ ಎದುರಿನ ಸ್ಟೂಲಿನಲ್ಲಿ ಶಿಷ್ಯನೆಂದು ಕೂತವರು ಯಾರೂ ಇಲ್ಲ. ಯಾವ ಮ್ಯಾಗ್ನೆಟೊಗೆ ಎಷ್ಟು ಸುತ್ತು ಎಂಬುದು ಅವರ ತಲೆಯಲ್ಲಿದೆ, ಕಾಗದದಲ್ಲಿಲ್ಲ. ಐಟಿಐಗಳು ಇಂಥವರನ್ನು ವಾರಕ್ಕೊಮ್ಮೆ ಕರೆಸಿ, ಒಂದು ಹಳೆಯ ಮ್ಯಾಗ್ನೆಟೊ ಮುಂದಿಟ್ಟು ಮಕ್ಕಳನ್ನು ಸುತ್ತ ಕೂರಿಸಿದರೆ ಎಷ್ಟೋ ಉಳಿಯುತ್ತಿತ್ತು.

ಆ ಹುಡುಗ ಮುಂದಿನ ಭಾನುವಾರ ಹೆಡ್ ಬಿಚ್ಚಲು ಬರುತ್ತೇನೆಂದು ಹೇಳಿ ಹೋದ. ಮೇಸ್ತ್ರಿಗೆ ಅವನು ಹೆಡ್ ಬಿಚ್ಚಿದರೆ ಸಾಲದು, ತಂತಿ ಸುತ್ತುವುದನ್ನೂ ಕಲಿಯಲಿ ಎಂಬ ಆಸೆ; ಬಾಯಿಬಿಟ್ಟು ಕೇಳಲಿಲ್ಲ. ಅವರ ಬೆರಳು ಇನ್ನೂ ನಡುಗುತ್ತಿಲ್ಲ. ಕಲಿಯುವವರಿದ್ದರೆ ಈಗಲೇ ಬರಬೇಕು.