ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಬಹುದೇ?

ಪ್ರಶ್ನೆ: ಕಾರ್ಡಿನಲ್ಲಿ ₹80,000 ಬಾಕಿ ಇದೆ. ಅದನ್ನು ಕಡಿಮೆ ಬಡ್ಡಿಗೆ ವರ್ಗಾಯಿಸಿಕೊಳ್ಳಲು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಅರ್ಜಿ ಹಾಕಿದೆ. ತಿರಸ್ಕರಿಸಿದರು. ಕಾರಣ ಕೇಳಬಹುದೇ?
– ಓದುಗರೊಬ್ಬರು, ಕಾಚಿಗುಡ, ಹೈದರಾಬಾದ್

ಉತ್ತರ: ಧಾರಾಳವಾಗಿ ಕೇಳಿ. ಕಾರ್ಡ್ ಅರ್ಜಿ ನಿರಾಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಫೋನಿನಲ್ಲಿ ಬೇಡ, ಇಮೇಲ್ ಕಳಿಸಿ.

ದಯವಿಟ್ಟು ಈಗಲೇ ಮತ್ತೊಂದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯ ವಿಚಾರಣೆಯೂ ನಿಮ್ಮ ಸಾಲದ ಇತಿಹಾಸದ ವರದಿಯಲ್ಲಿ (ಸಿಬಿಲ್ ವರದಿ) ದಾಖಲಾಗುತ್ತದೆ; ಸಾಲುಸಾಲು ಅರ್ಜಿ ಕಂಡರೆ ಬ್ಯಾಂಕುಗಳು ಹಿಂಜರಿಯುತ್ತವೆ. ಮೊದಲು ಸಿಬಿಲ್ ವರದಿ ತರಿಸಿ ನೋಡಿ, ವರ್ಷಕ್ಕೊಮ್ಮೆ ಉಚಿತ. 300ರಿಂದ 900ರವರೆಗಿನ ಅಂಕಕ್ಕಿಂತ ಒಳಗಿನ ಸಾಲುಗಳು ಮುಖ್ಯ: ತೀರಿಸಿದ ಸಾಲ ಇನ್ನೂ ಬಾಕಿ ಎಂದಿದೆಯೇ, ಯಾವ ತಿಂಗಳ ಕಂತು ತಡವಾಗಿದೆ? ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100 ಪರಿಹಾರ ಸಿಗಬೇಕು.

ವರ್ಗಾವಣೆಯ ಲೆಕ್ಕವನ್ನೂ ಹಾಕಿ. ತಿಂಗಳಿಗೆ ಶೇ 3.5 ಬಡ್ಡಿಯಾದರೆ ₹80,000ಕ್ಕೆ ₹2,800, ಮೇಲೆ ಶೇ 18 ಜಿಎಸ್‌ಟಿ ₹504. ವರ್ಗಾವಣೆ ಶುಲ್ಕ ಸೇರಿಸಿದರೂ ಇದಕ್ಕಿಂತ ಅಗ್ಗವೇ ಆಗಬಹುದು. ಆದರೆ ಕಡಿಮೆ ಬಡ್ಡಿಯ ರಿಯಾಯಿತಿ ಅವಧಿಯೊಳಗೆ ಬಾಕಿ ತೀರಿಸುವಷ್ಟು ಹಣ ಹೊಂದಿಸಿಕೊಳ್ಳಿ. ಅಲ್ಲಿಯವರೆಗೆ ಬಾಕಿ ವರ್ಗಾಯಿಸಿಕೊಂಡ ಕಾರ್ಡಿನಲ್ಲಿ ಹೊಸ ಖರೀದಿ ಬೇಡವೇ ಬೇಡ.