ಡಿ.ಜೆ. ಕೌಶಲದ ತುಲನೆ: ಪ್ರಕಾರ ಮತ್ತು ಮಾನದಂಡ

‘ಡಿ.ಜೆ.’ ಎಂಬ ಪದವೇ ತುಲನೆಗೆ ಮೊದಲ ತೊಡಕನ್ನು ಒಡ್ಡುತ್ತದೆ. ಕರ್ನಾಟಕದ ಮೆರವಣಿಗೆಗಳಲ್ಲಿ ಅದು ವ್ಯಕ್ತಿಯನ್ನು ಬಿಟ್ಟು ಧ್ವನಿವರ್ಧಕಗಳ ರಾಶಿಗೇ ಅಂಟಿಕೊಂಡಿದೆ. ಜಮೈಕಾದಲ್ಲಿ ‘ಡೀಜೇ’ ಎಂದರೆ ಹಾಡಿನ ಮೇಲೆ ಲಯಬದ್ಧವಾಗಿ ಮಾತು ಹೆಣೆಯುವವನು. ರೆಕಾರ್ಡುಗಳನ್ನು ಆಯ್ದು ನುಡಿಸುವವನಿಗೆ ಅಲ್ಲಿ ‘ಸೆಲೆಕ್ಟರ್’ ಎಂಬ ಬೇರೆ ಹೆಸರುಂಟು. ಅಮೆರಿಕದಲ್ಲಿ ರೂಪುಗೊಂಡ ಹಿಪ್-ಹಾಪ್ ಮತ್ತು ಡಿಸ್ಕೊ-ಹೌಸ್ ಪರಂಪರೆಗಳಲ್ಲಿ ಉಪಕರಣ ಒಂದೇ: ಎರಡು ಟರ್ನ್‌ಟೇಬಲ್, ನಡುವೆ ಒಂದು ಮಿಕ್ಸರ್. ಆದರೂ ಒಂದರಲ್ಲಿ ನಿಪುಣನೆನಿಸಿದವನು ಇನ್ನೊಂದರಲ್ಲಿ ಸಾಧಾರಣನಾಗಿ ತೋರುವುದುಂಟು. ಇದರ ಕಾರಣವನ್ನು ಕೈಚಳಕಕ್ಕಿಂತ ಮೊದಲು ರೆಕಾರ್ಡುಗಳ ಸ್ವರೂಪದಲ್ಲಿಯೇ ಹುಡುಕಬೇಕಾಗುತ್ತದೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಡ್ಜ್‌ವಿಕ್ ಅವೆನ್ಯೂವಿನ ಕಟ್ಟಡವೊಂದರಲ್ಲಿ ಜಮೈಕಾ ಮೂಲದ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್-ಹಾಪ್‌ನ ಆರಂಭಬಿಂದುವೆಂದು ಗುರುತಿಸುವುದು ವಾಡಿಕೆ. ಹಾಡಿನ ನಡುವೆ ಕೆಲವೇ ಕ್ಷಣ ಬರುವ, ವಾದ್ಯಗಳೆಲ್ಲ ತಗ್ಗಿ ಡ್ರಮ್ಮು ಮಾತ್ರ ಉಳಿಯುವ ‘ಬ್ರೇಕ್’ ಭಾಗವನ್ನು, ಒಂದೇ ರೆಕಾರ್ಡಿನ ಎರಡು ಪ್ರತಿಗಳ ಮೂಲಕ ಹರ್ಕ್ ಲಂಬಿಸಿದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ ಕ್ರಮಕ್ಕೆ ನಿಖರತೆ ತಂದರು. ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಬ್ರೇಕಿನ ಆರಂಭವನ್ನು ಕಣ್ಣಿನಿಂದಲೇ ಪತ್ತೆಹಚ್ಚುವಂತೆ ಮಾಡಿದರು. ಇಲ್ಲಿ ಕೌಶಲವೆಂದರೆ ಕತ್ತರಿಸುವುದು. ಅದು ಕೇಳುಗನಿಗೆ ತಿಳಿಯಬೇಕು, ಕಾಣಲೂ ಬೇಕು.

ಡಿಸ್ಕೊ-ಹೌಸ್ ಪರಂಪರೆಯ ಆದರ್ಶ ಇದಕ್ಕೆ ವಿರುದ್ಧ. ಸ್ಯಾಂಕ್ಚುಅರಿ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸ್ಸೊ ಎರಡು ಹಾಡುಗಳ ಬಡಿತಗಳನ್ನು ಒಂದರ ಮೇಲೊಂದು ಕೂರಿಸುವ ಕ್ರಮವನ್ನು ಬೆಳೆಸಿದರು. ಅಂದಿನ ರೆಕಾರ್ಡುಗಳಲ್ಲಿ ಡ್ರಮ್ಮು ನುಡಿಸಿದವರು ಮನುಷ್ಯರಾದ್ದರಿಂದ ಹಾಡಿನೊಳಗೇ ಗತಿ ಏರಿಳಿಯುತ್ತಿತ್ತು. ಜೋಡಣೆ ಮುಗಿಯುವವರೆಗೂ ಕೈ ರೆಕಾರ್ಡಿನ ಮೇಲೆಯೇ ಇರಬೇಕಾಗಿತ್ತು. ಷಿಕಾಗೊದಲ್ಲಿ ಹೌಸ್ ಸಂಗೀತ ಹುಟ್ಟಿದ ಬಳಿಕ ಡ್ರಮ್ ಯಂತ್ರಗಳು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿದವು.

ಯಂತ್ರದ ಮಿತಿಯೂ ಶೈಲಿಯನ್ನು ರೂಪಿಸಿದೆ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ. 8ರಷ್ಟು ಮಾತ್ರ ಏರಿಸಬಹುದು ಅಥವಾ ಇಳಿಸಬಹುದು. ನಿಮಿಷಕ್ಕೆ 124 ಬಡಿತಗಳ ಹೌಸ್ ಹಾಡನ್ನು 128ಕ್ಕೆ ಒಯ್ಯಲು ಶೇ. 3ಕ್ಕಿಂತ ತುಸು ಹೆಚ್ಚು ಏರಿಸಿದರೆ ಸಾಕು. ಹಿಪ್-ಹಾಪ್‌ನ 85 ಬಡಿತಗಳ ಹಾಡನ್ನು ಎಷ್ಟು ಏರಿಸಿದರೂ ಅದು 92ನ್ನು ಮುಟ್ಟದು. 105ರ ಹಾಡನ್ನು ಎಷ್ಟು ಇಳಿಸಿದರೂ ಅದು 96ಕ್ಕಿಂತ ಕೆಳಗಿಳಿಯದು. ಹೀಗಾಗಿ ಇವೆರಡನ್ನು ಬೆಸೆಯುವ ಮಾತೇ ಇಲ್ಲ, ಕತ್ತರಿಸಿಯೇ ದಾಟಬೇಕು. ಆದ್ದರಿಂದ ಹಿಪ್-ಹಾಪ್ ಡಿ.ಜೆ.ಗೆ ದೀರ್ಘ ಬೆಸುಗೆ ಬಾರದೆಂಬ ಆಕ್ಷೇಪ ನಿಲ್ಲುವಂಥದಲ್ಲ. ಡ್ರಮ್ ಅಂಡ್ ಬೇಸ್‌ನಲ್ಲಿ ತೊಡಕು ಮತ್ತೊಂದು ಬಗೆಯದು: 124ರ ಗತಿಯಲ್ಲಿ 32 ಬಡಿತಗಳಿಗೆ ಹದಿನೈದೂವರೆ ಸೆಕೆಂಡು ದೊರೆತರೆ, 174ರಲ್ಲಿ ಹನ್ನೊಂದೇ ಸೆಕೆಂಡು.

ಸ್ಪರ್ಧೆಗಳು ಒಂದು ಬಗೆಯ ಕೌಶಲವನ್ನೇ ಅಳೆಯುತ್ತ ಬಂದಿವೆ. ಡಿಎಂಸಿ ವಿಶ್ವಸ್ಪರ್ಧೆ 1985ರಲ್ಲಿ ಆರಂಭವಾದಾಗ ಬೆಸುಗೆಗೇ ಪ್ರಾಶಸ್ತ್ಯವಿತ್ತು, 1986ರಲ್ಲಿ ಡಿ.ಜೆ. ಚೀಸ್ ಸ್ಕ್ರ್ಯಾಚ್ ಪ್ರದರ್ಶಿಸಿ ಗೆದ್ದ ಮೇಲೆ ಅದರ ದಿಕ್ಕು ಬದಲಾಯಿತು. 1997ರಲ್ಲಿ ಎ-ಟ್ರ್ಯಾಕ್ ಹದಿನೈದನೆಯ ವಯಸ್ಸಿಗೇ ಪ್ರಶಸ್ತಿ ಪಡೆದರು. ಆ ಸಾಧನೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಆರು ನಿಮಿಷಗಳ ಪ್ರದರ್ಶನ, ಇಡೀ ರಾತ್ರಿ ಒಂದು ಸಭಾಂಗಣವನ್ನು ಹಿಡಿದಿಡುವ ಬಲವನ್ನು ಪರೀಕ್ಷಿಸಲಾರದು. 1987ರಲ್ಲಿ ಮುಚ್ಚಿದ ನ್ಯೂಯಾರ್ಕಿನ ಪ್ಯಾರಡೈಸ್ ಗ್ಯಾರೇಜ್ ಕ್ಲಬ್ಬಿನ ಲ್ಯಾರಿ ಲೆವಾನ್ ಅವರ ಕೀರ್ತಿ ನಿಂತಿರುವುದು ಹಾಡುಗಳ ಆಯ್ಕೆ, ಅವುಗಳ ಅನುಕ್ರಮ ಹಾಗೂ ಧ್ವನಿವ್ಯವಸ್ಥೆಯ ಮೇಲಿನ ಹಿಡಿತದ ಮೇಲೆ. ಅಂಥ ಕೌಶಲಕ್ಕೆ ಅಂಕ ಕೊಡುವ ಪಟ್ಟಿಕೆ ಸ್ಪರ್ಧೆಗಳಲ್ಲಿಲ್ಲ. ಬಡಿತಗಳನ್ನು ತಾನೇ ಹೊಂದಿಸುವ ‘ಸಿಂಕ್’ ಗುಂಡಿ ಬಂದ ಮೇಲೆ ಹೌಸ್ ಡಿ.ಜೆ.ಯ ಕಲೆ ಮುಗಿಯಿತೆಂದವರು ಈ ಅಂಶವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಆ ಗುಂಡಿ ಗತಿಯನ್ನು ಹೊಂದಿಸುತ್ತದೆ, ಮುಂದಿನ ಹಾಡು ಯಾವುದೆಂದು ಹೇಳುವುದಿಲ್ಲ.