ಸೊನ್ನೆಗೂ ಬೆಲೆಯುಂಟು

ಮೇ ತಿಂಗಳೆಂದರೆ ಇಂಗ್ಲೆಂಡಿನಲ್ಲಿ ವಸಂತದ ಕೊನೆಯ ದಿನಗಳು. ಬಿಸಿಲು ಬಿದ್ದೊಡನೆ ಬೇಲಿಸಾಲಿನಲ್ಲಿ ‘ಆರೆಂಜ್ ಟಿಪ್’ ಚಿಟ್ಟೆಗಳ ಹಾರಾಟ. ಗಂಡಿನ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ, ಗುರುತು ಸುಲಭ. ಹೆಣ್ಣಿಗೆ ಆ ಬಣ್ಣವಿಲ್ಲ. ಅವಸರದಲ್ಲಿ ನೋಡಿದವರು ಅದನ್ನು ಬೇರೆ ಬಿಳಿ ಚಿಟ್ಟೆಯೆಂದು ಬರೆದುಬಿಡುತ್ತಾರೆ. ಅದು ರೆಕ್ಕೆ ಮಡಿಚಿ ಕೂರುವವರೆಗೆ ಕಾಯಬೇಕು. ಹಿಂದಿನ ರೆಕ್ಕೆಯ ಅಡಿಭಾಗದಲ್ಲಿ ಹಸಿರು ಮಚ್ಚೆಗಳ ಚಿತ್ತಾರ ಕಂಡರೆ ಅನುಮಾನವೇ ಬೇಡ.

ಬ್ರಿಟನ್ನಿನಲ್ಲಿ ಚಿಟ್ಟೆಗಳ ಶಿಸ್ತಿನ ಎಣಿಕೆ ಆರಂಭವಾದದ್ದು 1976ರಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಯಂಸೇವಕರು ವಾರಕ್ಕೊಮ್ಮೆ ಗೊತ್ತುಮಾಡಿದ ಒಂದೇ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ. ಎಡಬಲಕ್ಕೆ ಎರಡೂವರೆ ಮೀಟರ್, ಮುಂದಕ್ಕೆ 5 ಮೀಟರ್. ಅದರಾಚೆಯ ಚಿಟ್ಟೆ ಎಷ್ಟೇ ಚೆಂದವಿದ್ದರೂ ಲೆಕ್ಕಕ್ಕಿಲ್ಲ. ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಎಣಿಕೆಯೇ ಇಲ್ಲ. ಚಳಿಯಲ್ಲಿ ಚಿಟ್ಟೆಗಳು ಹಾರುವುದು ಕಡಿಮೆ.

ಹವೆ ಚೆನ್ನಾಗಿದ್ದೂ ಒಂದೂ ಕಾಣದಿದ್ದರೆ ‘ಸೊನ್ನೆ’ ಎಂದೇ ಬರೆಯಬೇಕು. ಮಕ್ಕಳಿಗೆ ಇದು ನಿರಾಸೆ ತರಬಹುದು. ಆದರೆ ಯಾವ ಚಿಟ್ಟೆ ವಿರಳವಾಗುತ್ತಿದೆ ಎಂದು ಮೊದಲು ಎಚ್ಚರಿಸುವುದು ಇಂಥ ಲೆಕ್ಕವೇ. ‘ಲಾರ್ಜ್ ಬ್ಲೂ’ ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದ ಕಣ್ಮರೆಯಾಗಿ, ಮುಂದೆ ಸ್ವೀಡನ್ನಿನಿಂದ ತಂದು ನೆಲೆಗೊಳಿಸಬೇಕಾಯಿತು. ಊಹಿಸಿ ಬರೆದ ಹತ್ತಕ್ಕಿಂತ ನೋಡಿ ಬರೆದ ಸೊನ್ನೆಯೇ ಮೇಲು.